ಬೈಂಡಿಂಗ್‌ನವಳ ಮುಖದ ದೇವಿ

ದೇವಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಎಂದು ಯಾರಾದರೂ ನನ್ನನ್ನು ಆಡಿಕೊಳ್ಳುವುದಾದರೆ ಆಡಿಕೊಳ್ಳಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಗಂಡ ಕೈಗಡಿಯಾರ ರಿಪೇರಿ ಮಾಡುವವರು. ಹೋದ ವರ್ಷ ಅವರ ಬಲಗೈ ನಡುಗತೊಡಗಿತು. ನಡುಗುವ ಕೈಗೆ ಯಾರು ಗಡಿಯಾರ ಕೊಡುತ್ತಾರೆ? ಡಾಕ್ಟರು ನರಕ್ಕೇನೂ ಆಗಿಲ್ಲ, ಮನಸ್ಸಿಗೆ ನೆಮ್ಮದಿ ಬೇಕು ಎಂದರು. ಧ್ಯಾನ ಹೇಳಿಕೊಡುವ ಮೇಷ್ಟ್ರೊಬ್ಬರು, ದೇವಿಯ ಒಂದು ಚಿತ್ರ ಆರಿಸಿಕೊಂಡು ದಿನಾ ಬೆಳಿಗ್ಗೆ ಅರ್ಧ ಗಂಟೆ ನೋಡಿ, ಕಣ್ಣು ಮುಚ್ಚಿದರೂ ಅದೇ ಮುಖ ಕಾಣಬೇಕು ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಎಲ್ಲ ಸೇರಿಸಿದರೂ ನನ್ನ ಮುಖವನ್ನು ಅವರು ಅರ್ಧ ಗಂಟೆ ನೋಡಿದ್ದಾರೋ ಇಲ್ಲವೋ.

ನನ್ನದು ಕ್ಯಾಲೆಂಡರ್ ಅಚ್ಚಾಗುವ ಪ್ರೆಸ್ಸಿನಲ್ಲಿ ಕೆಲಸ. ಕಲಾವಿದರು ಬರೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಅಚ್ಚಿಗೆ ಕಳಿಸುತ್ತೇನೆ. ಬಣ್ಣ ಕೆಟ್ಟು ಪಕ್ಕಕ್ಕಿಟ್ಟ ಹಾಳೆಗಳಲ್ಲಿ ಏಳು ದೇವಿಯರನ್ನು ಸುತ್ತಿಕೊಂಡು ಮನೆಗೆ ತಂದೆ. ನಾಲಿಗೆ ಚಾಚಿದವಳನ್ನು ಬೇಕೆಂದೇ ಎಲ್ಲಕ್ಕಿಂತ ಮೇಲಿಟ್ಟಿದ್ದೆ. ಅವರು ಊಟದ ಮೇಜಿನ ಮೇಲೆ ಏಳನ್ನೂ ಹರಡಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡುತ್ತಾ ಹೋಗಿ, ಕಮಲದ ಮೇಲೆ ಕೂತವಳನ್ನು ಎತ್ತಿಕೊಂಡರು.

"ಇವಳೇ ಇರ್ಲಿ ಕಣೇ."

ಆಗ ನನಗೆ ಗುರುತು ಸಿಕ್ಕಿತು. ಆ ಮುಖ ನಮ್ಮ ಪ್ರೆಸ್ಸಿನ ಬೈಂಡಿಂಗ್‌ನವಳದು. ಕಲಾವಿದರು ಅವಳನ್ನೇ ಸ್ಟೂಲಿನ ಮೇಲೆ ಕೂರಿಸಿಕೊಂಡು ಬರೆದಿದ್ದರು. ಗಲ್ಲದ ಮಚ್ಚೆ ಅಳಿಸಿ, ಕಣ್ಣಿನ ಕೆಳಗಿನ ಕಪ್ಪು ತೆಗೆದು ಅವಳನ್ನು ದೇವಿ ಮಾಡಿದವಳು ನಾನೇ. ತರುವಾಗ ಇದು ಹೊಳೆಯಲೇ ಇಲ್ಲ. ವಾರಗಟ್ಟಲೆ ತಿದ್ದಿದ ಮುಖ ನಮ್ಮ ಕಣ್ಣಿಗೆ ಮುಖವಾಗಿ ಉಳಿದಿರುವುದಿಲ್ಲ, ಬರೀ ಬಣ್ಣದ ಚುಕ್ಕೆ.

ಅಂದಿನಿಂದ ಬೆಳಗಾದರೆ ನನಗೆ ಸಂಕಟ. ಒಳಗೆ ಅವರು ಅವಳ ಮುಂದೆ ಕೈಮುಗಿದು ಕೂರುವರು, ಅಡುಗೆಮನೆಯಲ್ಲಿ ನಾನು ಬೇಕೆಂದೇ ಪಾತ್ರೆ ಕುಕ್ಕುವೆ. ಪ್ರೆಸ್ಸಿಗೆ ಹೋದರೆ ಅಲ್ಲೂ ಅವಳೇ. ಹಾಳೆ ಮಡಚುತ್ತಾ, "ಯಾಕಕ್ಕಾ, ಮುಖ ಊದಿಸ್ಕೊಂಡಿದೀರ?" ಎಂದು ಕೇಳುವಳು. ಪಾಪ, ಅವಳದೇನು ತಪ್ಪು. ಆದರೂ ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಚಿತ್ರವನ್ನು ಹರಿದು ಬಿಸಾಡೋಣವೆಂದರೆ ಅವರ ಕೈ ನಡುಕ ನಿಲ್ಲುತ್ತಾ ಬಂದಿತ್ತು. ಎರಡು ತಿಂಗಳಲ್ಲಿ ಕೂದಲೆಳೆಯಂಥ ಸ್ಪ್ರಿಂಗನ್ನೂ ಕೂರಿಸತೊಡಗಿದ್ದರು.

ಒಂದು ಭಾನುವಾರ ತಡೆಯಲಾಗದೆ ಹೇಳಿಬಿಟ್ಟೆ. "ರೀ, ಅದು ದೇವಿ ಮುಖ ಅಲ್ಲ. ನಮ್ಮ ಬೈಂಡಿಂಗ್‌ನವಳದು."

"ಗೊತ್ತು," ಎಂದರು ತಣ್ಣಗೆ. "ನಿನ್ನ ಕರ್ಕೊಂಡು ಹೋಗೋಕೆ ಬಂದಾಗ ಗೇಟ್ ಹತ್ರ ಎಷ್ಟು ಸಲ ನೋಡಿಲ್ಲ? ಮಚ್ಚೆ ಒಂದಿಲ್ಲ, ಅಷ್ಟೆ."

"ಗೊತ್ತಿದ್ದೂ ಅವಳನ್ನೇ ಆರಿಸಿದ್ರಾ?"

"ಮೊದಲು ಸಿಂಹದ ಮೇಲಿದ್ದವಳನ್ನೇ ತಗೋಳೋಣ ಅಂದ್ಕೊಂಡೆ. ಹುಬ್ಬು, ಮೂಗು ಥೇಟ್ ನಿಂದೇ. ನೋಡ್ತಾ ಇದ್ರೆ ನಿನ್ನ ಮಂಡಿನೋವು, ಮಗಳ ಕೆಮ್ಮು, ಹಿಂದಿನ ದಿನ ನಾವಾಡಿದ ಜಗಳ, ಎಲ್ಲ ಒಂದರ ಹಿಂದೆ ಒಂದು ಬಂತು. ಕೈ ಇನ್ನೂ ಜಾಸ್ತಿ ನಡುಗ್ತು. ಇವಳನ್ನ ನೋಡಿದ್ರೆ ಏನೂ ಬರಲ್ಲ. ಮನಸ್ಸು ಸುಮ್ಮನಾಗುತ್ತೆ."

ಇಷ್ಟು ಹೇಳಿ ಒಳಗೆ ಹೋಗಿ ಕೂತರು.

ಹೊಗಳಿದರೋ ತೆಗಳಿದರೋ ಎಂದು ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಹೊಗಳಿದ್ದೇ ಇರಬೇಕು. ಆ ಮನುಷ್ಯನ ಚಿಂತೆಯೆಲ್ಲ ನನ್ನದು, ನೆಮ್ಮದಿ ಮಾತ್ರ ಅವಳದು. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಸಮಾಧಾನ ಮಾಡಿಕೊಳ್ಳುತ್ತಿದ್ದರೇನೋ. ನನಗೆ ಆ ನೆಮ್ಮದಿಯೂ ನನ್ನದೇ ಆಗಬೇಕಿತ್ತು.