ನಡುವಿನ ‘ಸ’ ತಪ್ಪಿಸಿದವನು

ಕಾಲೇಜಿನ ಮೆಟ್ಟಿಲ ಮೇಲೆ ಕೂತು, ತಲೆ ತುಂಬ ಕೂದಲಿದ್ದ ಕಾಲದಲ್ಲಿ, ಅವನು ಗೆಳೆಯನಿಗೊಂದು ಮಾತು ಕೊಟ್ಟಿದ್ದ. “ನೀನು ಯಾವಾಗ ಸಿನಿಮಾ ಮಾಡಿದ್ರೂ ಸಂಗೀತ ನಂದು. ಬೇರೆಯವರ ಕೈಗೆ ಕೊಟ್ಟೆ ಅಂದ್ರೆ ನಿನ್ನ ಮುಖ ನೋಡಲ್ಲ.” ಎಲ್ಲರೂ ಉದ್ದಣ್ಣ ಎಂದು ಕರೆಯುತ್ತಿದ್ದ ಆ ಗೆಳೆಯ ತನ್ನ ಎತ್ತರದಿಂದ ಬಗ್ಗಿ ಕೈ ಕುಲುಕಿದ. ಇಬ್ಬರೂ ಆಗಲೇ ಒಂದು ಪ್ರಶಸ್ತಿ ಗೆದ್ದವರ ಹಾಗೆ ಎದೆ ಉಬ್ಬಿಸಿಕೊಂಡು ಮನೆಗೆ ಹೋದರು.

ಆಮೇಲೆ ಕೂದಲು ಹೋಯಿತು, ಮಕ್ಕಳು ಬಂದರು. ಅವನು ಸಂಗೀತಗಾರನೇನೋ ಆದ. ಆದರೆ ಫೋನಿನಲ್ಲಿ ‘ದಯವಿಟ್ಟು ಕಾಯಿರಿ’ ಎಂದ ಮೇಲೆ ಬರುತ್ತದಲ್ಲ, ಆ ಸಂಗೀತಕ್ಕೆ. ನಡುನಡುವೆ ಸೋಪಿನ ಜಾಹೀರಾತು, ಲಿಫ್ಟಿನ ಒಳಗಿನ ಗುಂಯ್‌ಗುಂಯ್. ಊರಿನ ಅರ್ಧ ಜನ ಅವನ ಸಂಗೀತ ಕೇಳಿದ್ದರು. ಕೇಳುವಾಗ ಎಲ್ಲರೂ ಸಿಟ್ಟಿನಲ್ಲಿದ್ದರು.

ಅವನ ಬಳಿ ಒಂದು ಚಿಕ್ಕ ಮಿಡಿ ಕೀಬೋರ್ಡಿತ್ತು. ತನ್ನಷ್ಟಕ್ಕೆ ಸದ್ದು ಮಾಡದ ಪೆಟ್ಟಿಗೆ ಅದು. ಕಂಪ್ಯೂಟರಿಗೆ ಸಿಕ್ಕಿಸಿ ಒತ್ತಿದರೆ ಕಂಪ್ಯೂಟರು ಪಿಟೀಲಾಗಿಯೋ ಕೊಳಲಾಗಿಯೋ ನುಡಿಯುತ್ತದೆ. ಎರಡು ವರ್ಷದ ಹಿಂದೆ ಮಗಳು ಅದರ ಮೇಲೆ ಹಾಲು ಚೆಲ್ಲಿದ್ದಳು. ಅಂದಿನಿಂದ ನಟ್ಟನಡುವಿನ ‘ಸ’ದ ಮನೆ, ಅಂದರೆ ಆ ಸ್ವರಕ್ಕೆ ಬೆರಳೊತ್ತುವ ಪಟ್ಟಿ, ಒತ್ತಿದರೆ ಮತ್ತೆ ಮೇಲೇಳುತ್ತಿರಲಿಲ್ಲ. ರಿಪೇರಿ ಮಾಡಿಸಬೇಕು ಎನ್ನುತ್ತಲೇ ಅವನು ಅದನ್ನು ದಾಟಿ ನುಡಿಸುವುದನ್ನು ರೂಢಿ ಮಾಡಿಕೊಂಡ. ಬೇರೆ ಶ್ರುತಿಗೆ ಹೋಗಬಹುದಿತ್ತು. ಆದರೆ ಅದಕ್ಕೆ ಕಪ್ಪು ಮನೆಗಳನ್ನು ಒತ್ತಬೇಕು, ಅವೆಂದರೆ ಅವನಿಗೆ ದೂರದ ಸೋದರತ್ತೆಯ ಹಾಗೆ: ಗೌರವವಿದೆ, ಹೋಗಿಬರುವುದಿಲ್ಲ. ಹೀಗಾಗಿ ಎರಡು ವರ್ಷ ಅವನ ಯಾವ ಜಾಹೀರಾತಿನಲ್ಲೂ ಆ ಸ್ವರವಿರಲಿಲ್ಲ. ಯಾರೂ ದೂರು ಕೊಡಲಿಲ್ಲ ಎಂಬುದನ್ನು ಅವನು ತನ್ನ ಪ್ರತಿಭೆಯ ಲೆಕ್ಕಕ್ಕೆ ಬರೆದುಕೊಂಡಿದ್ದ.

ಅಂಥ ಒಂದು ದಿನ ಉದ್ದಣ್ಣನ ಫೋನು ಬಂತು.

“ಸಿನಿಮಾ ಮುಗೀತು ಕಣೋ. ತಿಂಗಳ ಕೊನೆಗೆ ಮಾತು, ಸಂಗೀತ ಎಲ್ಲ ಸೇರಿಸೋ ಮಿಕ್ಸಿಂಗ್. ಸಂಗೀತ ನಂದು ಅಂದಿದ್ದೆಯಲ್ಲ, ನೆನಪಿದೆಯಾ?”

“ನೆನಪಿರದೆ ಏನು. ಕಾಯ್ತಾ ಇದ್ದೆ.”

ಸಿನಿಮಾ ಕಳಿಸಿದ. ರಾತ್ರಿ ಪಾಳಿಯಿಂದ ಬಂದ ನರ್ಸ್ ಹೆಂಡತಿ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂತಳು. ಬಸ್ ಡಿಪೋದಲ್ಲಿ ಟಿಕೆಟ್ ಕೊಡುವ ಒಬ್ಬ ಹೆಂಗಸು, ಮಾತು ಬಿಟ್ಟ ತಂಗಿಗಾಗಿ ಕಾಯುತ್ತಾಳೆ. ಕೊನೆಯ ದೃಶ್ಯದಲ್ಲಿ ತಂಗಿ ಬಸ್ಸಿಳಿಯುತ್ತಾಳೆ. ಅಷ್ಟೇ ಕತೆ. ಕಾಫಿ ಆರಿಹೋಯಿತು. ಹೆಂಡತಿ ಕಣ್ಣೊರೆಸಿಕೊಂಡು, “ಇದಕ್ಕೆ ಚೆನ್ನಾಗಿ ಮಾಡ್ರೀ,” ಎಂದಳು.

“ಮಾಡ್ತೀನಿ. ಮೊದಲು ಒಂದು ಸರಿಯಾದ ಕೀಬೋರ್ಡ್ ತಗೋಬೇಕು.”

ಅಲ್ಲಿಗೆ ಸಂಗೀತ ನಿಂತು ಸಂಶೋಧನೆ ಶುರುವಾಯಿತು. ಅವನು ಯಾರ್ಯಾರೋ ಯಾವ್ಯಾವುದೋ ಕೀಬೋರ್ಡಿನ ಡಬ್ಬ ಬಿಚ್ಚುವ ವಿಡಿಯೋಗಳನ್ನು ನೋಡಿದ. ಪಿಯಾನೋದಂತೆ ಭಾರವಾದ ಮನೆಗಳು ಬೇಕೋ, ಹಗುರದವು ಸಾಕೋ? ಎಂಬತ್ತೆಂಟು ಮನೆಯೋ, ಅರವತ್ತೊಂದೋ? ಎಡತುದಿಯಲ್ಲಿ ತಳದ ಮನೆಗಳಿದ್ದರೆ ಅವನ್ನೊತ್ತಿ ಪಿಟೀಲಿನ ಕಮಾನಿನ ವರಸೆ ಬದಲಿಸಬಹುದು. ಬಲಗೈ ನುಡಿಸುವಾಗ ಸ್ವರದ ಸದ್ದನ್ನು ಏರಿಸಲು ಇಳಿಸಲು ಎಡಗೈಗೆ ಒಂದು ಸ್ಲೈಡರು, ಮೇಲೆ ಕೆಳಗೆ ಸರಿಸುವ ಗುಂಡಿ, ಬೇಕು. ಅದು ಎಡಕ್ಕೇ ಇರಬೇಕು, ಬಲಕ್ಕಿದ್ದರೆ ಕೆಟ್ಟಿತು. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಅವನು ಮನೆಯವರಿಗೆ ವಿವರಿಸುತ್ತಿದ್ದ.

“ಅಳಿಯಂದ್ರೇ,” ಎಂದರು ಅತ್ತೆ, ತಟ್ಟೆಯಿಂದ ತಲೆಯೆತ್ತದೆ, “ಸದ್ದೇ ಮಾಡದ ಪೆಟ್ಟಿಗೆ ಅಂದ್ರಲ್ಲ. ಅಂಥದ್ದು ಒಳ್ಳೇದೋ ಕೆಟ್ಟದ್ದೋ ಅಂತ ಹೇಗೆ ಗೊತ್ತಾಗುತ್ತೆ?”

“ಮುಟ್ಟಿದ್ರೆ ಗೊತ್ತಾಗುತ್ತೆ ಅತ್ತೆ.”

“ಹಾಗಾದ್ರೆ ಹೋಗಿ ಮುಟ್ಟಿ ಬನ್ನಿ. ಇಲ್ಲಿ ಕೂತು ಟೀವಿಯಲ್ಲಿ ಮುಟ್ತಾ ಇದ್ದೀರಿ.”

ಹೆಂಡತಿಯೇ ರಜೆ ಹಾಕಿ ಅವನನ್ನು ಅಂಗಡಿಗೆ ಎಳೆದುಕೊಂಡು ಹೋದಳು. ಸಾಲಾಗಿ ಕೀಬೋರ್ಡುಗಳು ಹಲ್ಲು ಕಿರಿದುಕೊಂಡು ನಿಂತಿದ್ದವು. ಅವನು ಕಣ್ಣು ಮುಚ್ಚಿ, ಹೆಡ್‌ಫೋನನ್ನೂ ಹಾಕದೆ ಒಂದೊಂದನ್ನೇ ಒತ್ತುತ್ತ ಸಾಗಿದ.

“ಯಾವುದು ಬೇಕು ಸರ್?” ಎಂದ ಅಂಗಡಿಯವ.

“ಸ್ವಲ್ಪ ಕೈ ಜೊತೆ ಇವು ಮಾತಾಡಲಿ ಬಿಡಿ.”

ಅಂಗಡಿಯವ ಹೆಂಡತಿಯ ಮುಖ ನೋಡಿದ. “ತರಕಾರಿ ಅಂಗಡಿಯಲ್ಲೂ ಹೀಗೇ,” ಎಂದಳು ಅವಳು. “ಎಲ್ಲಾ ಬದನೆಕಾಯಿ ಒತ್ತಿ, ಕೊನೆಗೆ ಸೊಪ್ಪು ತರ್ತಾರೆ.”

ಎಂಬತ್ತೆಂಟು ಮನೆಯದರ ಮುಂದೆ ಅವನಿಗೆ ಕಾಲು ಕಿತ್ತಿಡಲು ಮನಸ್ಸಾಗಲಿಲ್ಲ. ಅದರ ಎದುರು ಕೂತವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

“ಎಲ್ಲಿಡ್ತೀರಿ ಇದನ್ನ?” ಎಂದಳು ಹೆಂಡತಿ.

“ಮೇಜಿನ ಮೇಲೆ.”

“ಮಕ್ಕಳು ಹೋಂವರ್ಕ್ ಎಲ್ಲಿ ಮಾಡ್ತಾರೆ?”

“ಅದರ ಮೇಲೆ.”

“ಹೋದ ಸಲ ಅದರ ಮೇಲೇ ಅಲ್ವಾ ಹಾಲು ಕುಡಿದದ್ದು?”

ಬೆನ್ನು ಬಾಗಿತು. ಅರವತ್ತೊಂದು ಮನೆಯದು, ಬೆರಳಿನ ಒತ್ತಡವನ್ನು ನವಿರಾಗಿ ಹಿಡಿಯುವಂಥದ್ದು, ಸ್ಲೈಡರು ಎಡಕ್ಕಿರುವುದು ಮನೆಗೆ ಬಂತು. ಅಷ್ಟರಲ್ಲಿ ತಿಂಗಳು ಬಹುಪಾಲು ತೀರಿತ್ತು.

ಆಮೇಲೆ ಅವನು ಕೆಲಸ ಮಾಡಿದ್ದು ನಿಜ. ಮಕ್ಕಳು ಶಾಲೆಗೆ ಹೋದ ಮೇಲೆ ಕೂತರೆ ಅವರು ಬಂದು ಬಾಗಿಲು ಬಡಿಯುವವರೆಗೆ. ಡಿಪೋದ ಬೆಳಗು, ಖಾಲಿ ಬೆಂಚು, ಟಿಕೆಟ್ ಕಿಂಡಿ, ಒಂದಾದ ಮೇಲೊಂದು ದೃಶ್ಯಕ್ಕೆ ಸಂಗೀತ ಕೂತಿತು. ಕಾಯುವವರಿಗಾಗಿ ನುಡಿಸಿ ಪಳಗಿದ ಕೈ ಅದು. ಮಿಕ್ಸಿಂಗಿನ ಹಿಂದಿನ ದಿನ ಮಧ್ಯಾಹ್ನ ಉದ್ದಣ್ಣ ಬಂದು, ಮಕ್ಕಳ ಮಂಚದ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತು ಕೇಳಿದ. ತಲೆದೂಗಿದ. ಕೊನೆಯ ದೃಶ್ಯಕ್ಕೆ ತಲೆ ನಿಂತಿತು.

“ಏನೋ ಇದು,” ಎಂದ. “ತಂಗಿ ಬಸ್ಸಿಳಿದಳು. ನಿನ್ನ ಸಂಗೀತ ಇನ್ನೂ ಇಳಿದಿಲ್ಲ.”

“ಅಂದ್ರೆ?”

“ಬಂತು ಬಂತು ಅನ್ನೋಷ್ಟರಲ್ಲಿ ಪಕ್ಕಕ್ಕೆ ಸರಿಯುತ್ತೆ. ಬ್ಯಾಂಕಿಗೆ ಫೋನ್ ಮಾಡಿ ಕಾಯ್ತಾ ಇದ್ದ ಹಾಗಿದೆ. ಬೇಜಾರು ಮಾಡ್ಕೋಬೇಡ ಕಣೋ. ನಿರ್ಮಾಪಕರು ರೆಡಿಮೇಡ್ ಸಂಗೀತ ಒಂದಿಷ್ಟು ಇಟ್ಕೊಂಡು ಕೂತಿದ್ದಾರೆ. ಇದು ಸರಿಹೋಗ್ಲಿಲ್ಲ ಅಂದ್ರೆ ಇಡೀ ಸಿನಿಮಾಗೆ ಅದನ್ನೇ ಹಾಕ್ತಾರೆ. ಸಂಜೆಯೊಳಗೆ ನಾನು ಹೇಳ್ಬೇಕು.”

ಅವನು ಮತ್ತೆ ನುಡಿಸಿದ. ಈ ಸಲ ತೆರೆಯನ್ನು ಬಿಟ್ಟು ತನ್ನ ಕೈಯನ್ನೇ ನೋಡಿದ. ಕೊನೆಯಲ್ಲಿ ಬೆರಳು ನಡುವಿನ ‘ಸ’ದ ತನಕ ಬಂದು, ಕೊಚ್ಚೆ ಕಂಡ ಹಾಗೆ ಅದನ್ನು ದಾಟಿ ಆಚೆಗೆ ಕಾಲಿಟ್ಟಿತು. ಹೊಸ ಕೀಬೋರ್ಡು, ಬೆಳ್ಳಗಿನ ಮನೆ, ಒಂದು ಹನಿ ಹಾಲು ಬಿದ್ದಿಲ್ಲ. ಬಲಗೈಗೆ ಮಾತ್ರ ಅದು ಇನ್ನೂ ಕೆಟ್ಟ ಮನೆಯೇ. ರಾಗ ಮರಳಿ ಬಂದು ನಿಲ್ಲುವ ಆ ಸ್ವರ ಇಡೀ ಸಿನಿಮಾದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬೇರೆ ದೃಶ್ಯಗಳಲ್ಲಿ ನಡೆದೀತು, ಅಲ್ಲೆಲ್ಲ ಯಾರೂ ಬಂದು ಸೇರಬೇಕಾಗಿರಲಿಲ್ಲ.

ಬೇಕೆಂದೇ ಒತ್ತಿದ. ಬೆರಳು ಕಾದ ಬಾಣಲೆ ಮುಟ್ಟಿದಂತೆ ಮುಟ್ಟಿ ಹಿಂದೆ ಬಂತು. ಒತ್ತಡವನ್ನು ನವಿರಾಗಿ ಹಿಡಿಯಲಿ ಎಂದು ವಾರಗಟ್ಟಲೆ ಹುಡುಕಿ ತಂದ ಕೀಬೋರ್ಡು ಆ ಅಂಜಿಕೆಯನ್ನೂ ಚಾಚೂ ತಪ್ಪದೆ ಹಿಡಿಯಿತು. ಹಳೆಯ ಒರಟು ಪೆಟ್ಟಿಗೆಯಾಗಿದ್ದರೆ ಅವನ ಮಾನ ಉಳಿಸುತ್ತಿತ್ತು. ಮೌಸ್ ಹಿಡಿದು ಆ ಸ್ವರವನ್ನು ತೆರೆಯ ಮೇಲೆ ಅಂಟಿಸಿ ನೋಡಿದ. ಬೇರೆಯವರ ಹಲ್ಲುಸೆಟ್ಟು ಹಾಕಿಕೊಂಡು ನಕ್ಕ ಹಾಗೆ ಕೇಳಿಸಿತು.

“ಏನಾಗಿದೆ ನಿನಗೆ?” ಎಂದ ಉದ್ದಣ್ಣ.

ಹೇಳಿದ. ಹಾಲಿನಿಂದ ಹಿಡಿದು ಎಲ್ಲ ಹೇಳಿದ. ಉದ್ದಣ್ಣ, “ಎರಡು ವರ್ಷ ರಿಪೇರಿಗೆ ಕೊಡ್ಲಿಲ್ವಾ?” ಎಂದ.

“ಕೊಡ್ಬೇಕು ಅಂತಿದ್ದೆ.”

“ಬಲಗೈ ಕೆಟ್ಟಿದೆ ಸರಿ. ಎಡಗೈಗೆ ಏನಾಗಿದೆ?”

ಎಡಗೈಗೆ ಏನೂ ಆಗಿರಲಿಲ್ಲ. ಅದು ಇಷ್ಟು ವರ್ಷ ತಳದ ಮನೆಗಳಲ್ಲಿ ಇದ್ದುಕೊಂಡು, ನಡುಮನೆಯ ಗೊಡವೆಗೆ ಬಾರದೆ ಸಂಸಾರ ಮಾಡಿತ್ತು. ಹಾಲು ಚೆಲ್ಲಿದ ಸುದ್ದಿ ಅದಕ್ಕೆ ಯಾರೂ ಹೇಳಿರಲಿಲ್ಲ. ಅವನು ಎಡಗೈಯ ತೋರುಬೆರಳೊಂದನ್ನೇ ಮುಂದೆ ಮಾಡಿ ಕೊನೆಯ ಸಾಲನ್ನು ತಡವರಿಸುತ್ತ ನುಡಿಸಿದ. ‘ಸ’ದ ಮೇಲೆ ಬೆರಳು ಸುಮ್ಮನೆ ಕೂತಿತು. ಆದರೆ ಸ್ವರದ ಸದ್ದು ಏರಬೇಕಲ್ಲ, ಅದಕ್ಕೆ ಸ್ಲೈಡರು ಬೇಕು. ಸ್ಲೈಡರು ಎಡಕ್ಕಿತ್ತು. ಬಲಗೈಯನ್ನು ಎಡಗೈಯ ಮೇಲಿನಿಂದ ಹಾಯಿಸಿ, ಮೈ ಗಂಟು ಹಾಕಿಕೊಂಡು ಅದನ್ನು ಹಿಡಿದ.

ಶಾಲೆಯಿಂದ ಬಂದ ಮಗಳು ಬಾಗಿಲಲ್ಲಿ ನಿಂತು ನೋಡಿದಳು. “ಅಜ್ಜೀ,” ಎಂದು ಒಳಗೆ ಓಡಿದಳು. “ಅಪ್ಪ ತನ್ನನ್ನ ತಾನೇ ತಬ್ಬಿಕೊಂಡಿದಾರೆ.”

“ತಬ್ಬಿಕೊಳ್ಳಲಿ ಬಿಡು ಪುಟ್ಟಿ. ಇವತ್ತು ಸದ್ದಾದ್ರೂ ಬರ್ತಿದೆ.”

ತೆರೆಯ ಮೇಲೆ ತಂಗಿ ಮೆಟ್ಟಿಲಿಳಿದಳು. ಕಿಂಡಿಯ ಹಿಂದಿನ ಅಕ್ಕ ಎದ್ದು ನಿಂತಳು. ಒಂದೇ ಬೆರಳಿನ, ಕಲಿಯುವ ಮಕ್ಕಳು ನುಡಿಸುವಂಥ ಸಾಲು ಬಂದು ನಿಂತಿತು, ಉಬ್ಬಿತು, ಇಳಿಯಿತು. ಇಷ್ಟು ವಿಡಿಯೋ ನೋಡಿ, ಇಷ್ಟು ಹುಡುಕಿ, ಅರವತ್ತೊಂದು ಮನೆ ತಂದು, ಕೊನೆಗೆ ತಾನು ನೆಟ್ಟಗೆ ಮುಟ್ಟಿದ್ದು ಒಂದೇ ಮನೆಯನ್ನು ಎಂದು ಅವನಿಗೆ ನಗು ಬಂತು. ಕೈಗಳು ಸಿಕ್ಕಿಹಾಕಿಕೊಂಡಿದ್ದರಿಂದ ಬಾಯಿ ಮುಚ್ಚಿಕೊಳ್ಳಲೂ ಆಗಲಿಲ್ಲ.

ಉದ್ದಣ್ಣ ಮಂಚದಿಂದೆದ್ದು, ಬಾಗಿಲಿಗೆ ತಲೆ ತಾಗಿಸಿಕೊಂಡು ಆಚೆ ಹೋಗಿ ನಿರ್ಮಾಪಕರಿಗೆ ಫೋನು ಮಾಡಿದ. “ನಿಮ್ಮದು ಬೇಡ ಸರ್,” ಎಂದದ್ದು ಒಳಗೆ ಕೇಳಿಸಿತು. “ನಮ್ಮದು ಆಯ್ತು.”

ಮರುದಿನ ಮಿಕ್ಸಿಂಗ್ ನಡೆಯಿತು. ಗೆಳೆಯನ ಸಿನಿಮಾದ ಸಂಗೀತವನ್ನು ಅವನೇ ಮಾಡಿದ. ಮಾತು ಉಳಿಯಿತು.