ಮುಚ್ಚಳ ತೆಗೆದಿದ್ದ ಡಬ್ಬಿ

ನನ್ನ ಹೆಂಡತಿ ತೀರಿಕೊಂಡು ಎಪ್ಪತ್ತು ದಿನಗಳಾಗಿದ್ದವು. ಅಷ್ಟರಲ್ಲಿ ನಾನು ಮೂರು ಸಲ ಹಾಲು ಉಕ್ಕಿಸಿದ್ದೆ, ಒಂದು ಪಾತ್ರೆಯನ್ನು ಕರಕಲು ಮಾಡಿದ್ದೆ, ಕನ್ನಡಕವನ್ನು ಮೂಗಿನ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿದ್ದೆ. ಇವನ್ನೆಲ್ಲ ಮಗಳು ಕಂಡಿದ್ದಳು. ಅವಳು ಕಾಣದ್ದು ಒಂದಿತ್ತು. ಸಂಜೆಯ ಪ್ರಾರ್ಥನೆ ನನಗೆ ಮರೆತುಹೋಗಿತ್ತು. ಇರುವುದು ನಾಲ್ಕೇ ಸಾಲು. ನಲವತ್ತಾರು ವರ್ಷ ನಾವಿಬ್ಬರೂ ಒಟ್ಟಿಗೆ ಕುಳಿತು ಹೇಳಿದ್ದು. ಈಗ ಮೊದಲ ಸಾಲು ಹೇಳಿದ ಕೂಡಲೇ ಮುಂದೆ ಗೋಡೆ ಎದ್ದಂತಾಗುತ್ತಿತ್ತು. ನನ್ನ ತಾಯಿ ಕಟ್ಟಿದ ಪ್ರಾರ್ಥನೆ ಅದು, ಯಾವ ಪುಸ್ತಕದಲ್ಲೂ ಇಲ್ಲ. ನಲವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕುಳಿತು ಕಂಡವರ ಕರಡೆಲ್ಲ ತಿದ್ದಿದ ನಾನು ಅದನ್ನೊಂದು ಚೀಟಿಯಲ್ಲಿ ಬರೆದಿಟ್ಟಿರಲಿಲ್ಲ.

ಮಗಳು ನನ್ನನ್ನು ಡಾಕ್ಟರ ಬಳಿ ಕರೆದೊಯ್ದಳು. ಅವರು ಗಡಿಯಾರದ ಚಿತ್ರ ಬರೆಯಿರಿ ಎಂದರು. ಐದು ಪದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದರು. ಮೂರು ಹೇಳಿದೆ. "ಮುಂದಿನ ತಿಂಗಳು ಮತ್ತೆ ನೋಡೋಣ" ಎಂದರು. ಏನು ನೋಡುವುದು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ನನ್ನ ಜೊತೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಗೆಳೆಯನನ್ನೂ ಹೀಗೆಯೇ ಎರಡು ಸಲ ನೋಡಿ, ಮೂರನೆಯ ಸಲಕ್ಕೆ ವೃದ್ಧಾಶ್ರಮಕ್ಕೆ ಸೇರಿಸಿದ್ದರು.

ಅದಾಗಿ ವಾರಕ್ಕೆ ಮಗಳು ನನ್ನ ಮುಂದೆ ನಾಲ್ಕು ಹಾಳೆಗಳನ್ನು ಹಿಡಿದಳು. ಅವಳಿಗೆ ಕೆಲಸ ಗಗನಯಾತ್ರಿಗಳನ್ನು ತಯಾರು ಮಾಡುವ ಕೇಂದ್ರದಲ್ಲಿ. ಆಕಾಶದಲ್ಲಿ ತೇಲಬೇಕಾದವರನ್ನು ಅಲ್ಲಿ ದೊಡ್ಡದೊಂದು ಕೊಳದಲ್ಲಿ ಮುಳುಗಿಸಿ ತೇಲುವುದನ್ನು ಕಲಿಸುತ್ತಾರಂತೆ. ಅವರು ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಎಂದು ಹಂತಹಂತವಾಗಿ ಬರೆದುಕೊಡುವವಳು ನನ್ನ ಮಗಳು.

"ಅಪ್ಪ, ಶನಿವಾರ ನಿನ್ನ ಮೇಲೊಂದು ಪ್ರಯೋಗ ಮಾಡ್ಬೇಕು."

"ನನ್ನ ಮೇಲೇನೇ ಪ್ರಯೋಗ?"

"ಮಕ್ಕಳು ಮನೇಲೇ ಮಾಡೋ ಗಗನಯಾತ್ರಿ ತರಬೇತಿ ಇದು. ಮುಂದಿನ ವಾರ ಅಚ್ಚಿಗೆ ಹೋಗತ್ತೆ. ಅದಕ್ಕೆ ಮುಂಚೆ ಯಾರಾದ್ರೂ ಒಬ್ರು ಮಾಡಿ ನೋಡ್ಬೇಕು."

"ಮಕ್ಕಳದ್ದಾದ್ರೆ ಎಪ್ಪತ್ನಾಲ್ಕರ ಮುದುಕ ಯಾಕೆ?"

"ಇದರ ಗಂಧಗಾಳಿ ಇಲ್ಲದೋರು ಬೇಕು. ನಿನ್ನಂಥೋರು ಇನ್ನೆಲ್ಲಿ ಸಿಗ್ತಾರೆ?" ಎಂದು ನಕ್ಕಳು.

ನಾನು ನಗಲಿಲ್ಲ. ಡಾಕ್ಟರ ಗಡಿಯಾರವೇ ವೇಷ ಮರೆಸಿಕೊಂಡು ಮನೆಗೆ ಬಂದಿದೆ ಎಂದು ನನಗೆ ಖಾತ್ರಿಯಾಯಿತು. ಈ ಮನೆಯಲ್ಲಿ ಉಳಿಯುತ್ತೇನೋ ಇಲ್ಲವೋ, ಶನಿವಾರ ತೀರ್ಮಾನ.

ಮಗಳು ಕೆಲಸಕ್ಕೆ ಹೋದ ಮೇಲೆ ಅವಳ ಮೇಜಿನಿಂದ ಹಾಳೆಗಳನ್ನು ತೆಗೆದು ಓದಿದೆ. ಬೇಕಾದ ಸಾಮಾನನ್ನೂ ಅವಳು ಪಕ್ಕದಲ್ಲೇ ಜೋಡಿಸಿಟ್ಟಿದ್ದಳು. ನೆಲದ ಮೇಲೆ ಮಲಗಿ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು, ಪೆನ್ನನ್ನು ಮೇಲ್ಮುಖ ಮಾಡಿ ಹೆಸರು ಬರೆಯಬೇಕು. ಪೆನ್ನು ಎರಡಕ್ಷರಕ್ಕೇ ಮೂಡುವುದನ್ನು ನಿಲ್ಲಿಸಿತು. ಪೆನ್ಸಿಲ್ ತಂದುಕೊಂಡೆ. ಇನ್ನೊಂದರಲ್ಲಿ ಎರಡೆರಡು ಜೊತೆ ಕೈಗವಸು ತೊಟ್ಟು, ನೀರು ತುಂಬಿದ ಬಕೆಟ್ಟಿನೊಳಗೆ ಕೈಯಿಟ್ಟು, ಡಬ್ಬಿಯಲ್ಲಿರುವ ಬೋಲ್ಟುಗಳಿಗೆ ನಟ್ಟು ತಿರುಗಿಸಬೇಕು. ಕೈಗವಸು ತೊಟ್ಟ ಮೇಲೆ ಡಬ್ಬಿಯ ಮುಚ್ಚಳ ಏನು ಮಾಡಿದರೂ ಬರಲೊಲ್ಲದು. ಹಲ್ಲು ಹಚ್ಚಿದೆ, ಮಂಡಿಯ ನಡುವೆ ಅದುಮಿದೆ. ಕೊನೆಗೆ ಎಲ್ಲ ಬಿಚ್ಚಿ, ಮುಚ್ಚಳ ತೆಗೆದು, ಮತ್ತೆ ತೊಟ್ಟೆ. ಬುಧ, ಗುರು, ಶುಕ್ರ, ಮೂರು ದಿನ ಕದ್ದು ಅಭ್ಯಾಸ ಮಾಡಿದೆ. ಒದ್ದೆಯಾದ ಕೈಗವಸುಗಳನ್ನು ಅವಳು ಬರುವ ಮೊದಲೇ ಒಣಗಿಸಿ ಸ್ವಸ್ಥಾನಕ್ಕೆ ಸೇರಿಸುತ್ತಿದ್ದೆ. ಶನಿವಾರ ಬೆಳಿಗ್ಗೆಯೇ ಡಬ್ಬಿಯ ಮುಚ್ಚಳ ತೆಗೆದಿಟ್ಟೆ. ದೇವರೇ, ಇದು ಮೋಸವಾದರೆ ಕ್ಷಮಿಸು ಎಂದೆ. ಮುಂದಿನ ಪ್ರಾರ್ಥನೆ ಮಾತ್ರ ಬರಲಿಲ್ಲ.

ಶನಿವಾರ ಮಧ್ಯಾಹ್ನ ಮಗಳು ಗಡಿಯಾರ ಹಿಡಿದು ಎದುರು ಕುಳಿತಳು. ನಾನು ಒಂದಾದ ಮೇಲೊಂದು ಮಾಡಿದೆ. ಎಲ್ಲಿಯೂ ತಡವರಿಸಲಿಲ್ಲ. ಐದು ನಟ್ಟುಗಳನ್ನೂ ನೀರಿನೊಳಗೇ ಬಿಗಿದು ಎತ್ತಿ ತೋರಿಸಿದೆ. ಅವಳ ಮುಖ ಅರಳುವುದೆಂದು ಕಾದೆ. ಅದು ಸಪ್ಪಗಾಗುತ್ತ ಹೋಯಿತು. ಗೆದ್ದೆನೋ ಸೋತೆನೋ ನನಗೆ ತಿಳಿಯಲಿಲ್ಲ.

"ಅಪ್ಪ, ಈ ಮುಚ್ಚಳ ತೆಗೆದಿದ್ಯಾರು?"

"ಯಾವ ಮುಚ್ಚಳ?"

"ಮುಚ್ಚಿದ ಡಬ್ಬಿ ಇಟ್ಟಿದ್ದೆ. ಕೈಗವಸು ತೊಡೋಕೆ ಮುಂಚೆ ತೆಗಿ ಅಂತ ನಾನು ಬರೆದೇ ಇಲ್ಲ, ಬರೆಯೋದು ಮರೆತಿದೀನಿ. ನಿನಗೆ ಹೇಗೆ ಗೊತ್ತಾಯ್ತು?" ಪೆನ್ನಿನ ಬದಲಿಗೆ ನಾನು ಮೊದಲೇ ಕಿಟಕಿಯ ಹತ್ತಿರ ತಂದಿಟ್ಟಿದ್ದ ಪೆನ್ಸಿಲ್ ಕಡೆ ನೋಡಿದಳು. "ಕಾಪಿ ಹೊಡೆದ್ಯಾ?"

ನಾನು ತಲೆ ತಗ್ಗಿಸಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ನನ್ನಪ್ಪ! ನೀನು ಎಲ್ಲಿ ಸಿಕ್ಕಿಹಾಕ್ಕೋತೀಯ ಅಂತ ನೋಡೋಕೆ ತಾನೇ ಇಷ್ಟೆಲ್ಲ ಮಾಡಿದ್ದು? ನೀನು ಸಿಕ್ಕಿಹಾಕ್ಕೊಂಡ ಜಾಗದಲ್ಲಿ ನನ್ನ ತಪ್ಪಿರತ್ತೆ. ಈಗ ಹಾಳೆ ಪೂರ್ತಿ ಸರಿಯಾಗಿದೆ ಅಂದ್ಕೊಂಡು ಅಚ್ಚಿಗೆ ಕಳಿಸ್ತಿದ್ದೆ ನಾನು."

"ಹಾಗಾದ್ರೆ ಇದು ಡಾಕ್ಟರು ಹೇಳಿದ್ದಲ್ವಾ?"

"ಡಾಕ್ಟರು ಇಲ್ಲಿಗ್ಯಾಕೆ ಬಂದ್ರು?"

ಹೇಳಿದೆ. ಗಡಿಯಾರದ ಚಿತ್ರ, ಗೆಳೆಯ, ಆಶ್ರಮ, ಎಲ್ಲವನ್ನೂ ಹೇಳಿದೆ. ಅವಳ ನಗು ನಿಂತಿತು. ಬಂದು ನನ್ನ ಕೈಯಿಂದ ಕೈಗವಸುಗಳನ್ನು ಒಂದೊಂದಾಗಿ ಕಳಚಿದಳು.

"ನಮ್ಮ ಕೇಂದ್ರದಲ್ಲಿ ನಾವು ಬೇಕಂತಲೇ ಎಲ್ಲ ಕೆಡಿಸ್ತೀವಪ್ಪ. ಒಂದ್ಸಲ ದೀಪ ಆರಿಸ್ತೀವಿ, ಒಂದ್ಸಲ ಗಾಳಿ ಸೋರ್ತಿದೆ ಅಂತೀವಿ. ತಪ್ಪು ಮಾಡೋರ ಭಯ ನಮಗಿಲ್ಲ. ಗೊತ್ತಾಗ್ತಿಲ್ಲ ಅಂತ ಬಾಯಿಬಿಡದೆ ಒಬ್ರೇ ಒದ್ದಾಡ್ತಾರಲ್ಲ, ಅವರದ್ದೇ ಭಯ."

"ನನಗೂ ಗೊತ್ತಾಗ್ತಿಲ್ಲ ಮರಿ" ಎಂದೆ. "ಪ್ರಾರ್ಥನೆ ಮರೆತುಹೋಗಿದೆ. ಇದು ಕಾಯಿಲೇನಾ?"

ಇಲ್ಲ ಎನ್ನುವಳೆಂದು ಆಸೆಪಟ್ಟೆ. ಅವಳು ಸುಳ್ಳು ಹೇಳಲಿಲ್ಲ.

"ಗೊತ್ತಿಲ್ಲಪ್ಪ. ಡಾಕ್ಟರ ಹತ್ರ ನಾನೂ ಒಳಗೆ ಬರ್ತೀನಿ, ನಿನ್ನ ಎದುರಿಗೇ ಕೇಳೋಣ. ಏನೇ ಅಂದ್ರೂ ನೀನು ಇರೋದು ಇಲ್ಲೇ. ಈಗ ಎಲ್ಲಿ ಸಿಕ್ಕಿಹಾಕ್ಕೋತೀಯ, ಮಾಡಿ ತೋರಿಸು."

ಹೊರಗೆ ಹೊತ್ತು ಇಳಿಯುತ್ತಿತ್ತು. ದೀಪ ಹಚ್ಚಿ ಕುಳಿತೆವು. ನಾನು ಕೈಮುಗಿದೆ. "ಹಗಲೆಲ್ಲ ಕೈಹಿಡಿದು ನಡೆಸಿದವನೇ" ಎಂದೆ. ಗೋಡೆ ಬಂತು. ನಿಲ್ಲಿಸಿದೆ.

ಮಗಳು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದಳು.

"ಇಲ್ಲಿ ನೀನು ಹೇಳ್ತಿರ್ಲಿಲ್ಲಪ್ಪ. ಇಲ್ಲಿ ಅಮ್ಮ ಹೇಳ್ತಿದ್ಳು. ಒಂದು ಸಾಲು ನೀನು, ಒಂದು ಸಾಲು ಅಮ್ಮ."

ಹೌದು. ಅದು ಹೇಗೆ ಮರೆತೆ? ಅಥವಾ ನಾನು ಮರೆತದ್ದು ನನ್ನ ಸಾಲನ್ನಲ್ಲ, ಅದೊಂದನ್ನೇ ಏನು?

"ಅವಳು ಏನು ಹೇಳ್ತಿದ್ಳು?"

"ನನಗೂ ಬರಲ್ಲ. ನನ್ನ ತಲೆ ಬಾಚ್ತಾ ಹೇಳ್ತಿದ್ಳು. ಬಾಚಣಿಗೆ ಮೂರು ಸಲ ಇಳಿಯೋ ಹೊತ್ತಿಗೆ ಅವಳ ಸಾಲು ಮುಗೀತಿತ್ತು. ಅಷ್ಟು ಮಾತ್ರ ಗೊತ್ತು."

ಮತ್ತೆ ಮೊದಲಿನಿಂದ ಹೇಳಿದೆ. ನನ್ನ ಸಾಲು ಮುಗಿಯಿತು. ಮಗಳು ಕಣ್ಣು ಮುಚ್ಚಿ ತನ್ನ ಕೂದಲ ಮೇಲೆ ಅಂಗೈಯನ್ನು ಮೆಲ್ಲಗೆ ಇಳಿಸಿದಳು. ಒಂದು ಸಲ. ಇನ್ನೊಂದು ಸಲ. ನಾನು ಸುಮ್ಮನೆ ಕಾದೆ. ಮೂರನೆಯ ಸಲ ಕೈ ಭುಜಕ್ಕೆ ಬರುವಷ್ಟರಲ್ಲಿ ಮೂರನೆಯ ಸಾಲಿಗೆ, ನನ್ನ ಸಾಲಿಗೆ, ನನ್ನ ಬಾಯಿ ತಾನಾಗಿ ತೆರೆಯಿತು.

"ನಮ್ಮ ತಪ್ಪನ್ನು ಎಣಿಸದೆ ಒಳಗೆ ಕರೆದುಕೋ" ಎಂದೆ.