ನಕ್ಷೆಯಲ್ಲಿಲ್ಲದ ಯುದ್ಧ

ಎರಡು ವರ್ಷ ಕೂತು ನಾನು ತೆಲುಗಿನಲ್ಲಿ ಬರೆದ ಇತಿಹಾಸದ ನೋಟ್ಸು ಹಿಂದೂಪುರದಲ್ಲಿ ಪುಸ್ತಕವಾಗಿ ಬಂತು. ಮುಖಪುಟದ ಮೇಲಿನ ಹೆಸರು ಮಾತ್ರ ಹಾಲೇಶ್ ಅವರದು. ನಾನು ಪಾಠ ಹೇಳುತ್ತಿದ್ದ ಕೋಚಿಂಗ್ ಸೆಂಟರಿನ ಮಾಲೀಕರು.

ಕೇಳಿದ್ದಕ್ಕೆ, "ನೋಡಮ್ಮಾ ಚಂದ್ರಕಲಾ, ಬರ್ದೋರು ಯಾರಾದ್ರೇನು, ಬಿಲ್ಡಿಂಗ್ ನಂದಲ್ವಾ?" ಎಂದರು.

ಭಾನುವಾರ ಕಲ್ಯಾಣದುರ್ಗದ ಮನೆಯಲ್ಲಿ ಆ ಮಾತನ್ನು ಅವರದೇ ಮೂಗುದನಿಯಲ್ಲಿ ಅಮ್ಮನಿಗೆ ಆಡಿ ತೋರಿಸಿದೆ. ಅಮ್ಮ ಸರ್ವಮಂಗಳಮ್ಮ ನಗಲಿಲ್ಲ. "ಅವನ ಗಂಟಲು ನಿಂಗ್ಯಾಕಮ್ಮಿ? ಅಷ್ಟು ಸಿಟ್ಟಿದ್ರೆ ನಿನ್ ಬಾಯಲ್ಲೇ ಕೇಳ್ಬುಡು."

ಕೇಳಿಯಾಗಿತ್ತು. ಕದ್ದವರ ಮೇಲೆ ಇನ್ನು ಕದನವೇ ಎಂದುಕೊಂಡೆ.

ಪುಸ್ತಕದ ಎರಡನೆಯ ಭಾಗಕ್ಕೆ ಹಾಲೇಶ್ ಕೇಳಿದ್ದು ಯುದ್ಧ ಮತ್ತು ಕ್ರಾಂತಿಯ ಅಧ್ಯಾಯ. ಶ್ರದ್ಧೆಯಿಂದಲೇ ಬರೆದೆ. ದೇಶಗಳು ಯುದ್ಧಕ್ಕೆ ಇಳಿಯುವುದು ನೆಲಕ್ಕೆ, ನೀರಿಗೆ, ಹಳೆಯ ಅವಮಾನಕ್ಕೆ. ನೆಪವನ್ನು ಆಮೇಲೆ ಹುಡುಕುತ್ತವೆ. ಸೈನಿಕರೇ ಆಜ್ಞೆ ಕೇಳದ ದಿನ ಸರ್ಕಾರ ಬೀಳುತ್ತದೆ. ಇಷ್ಟೆಲ್ಲ ಬರೆದು, ನಡುವೆ ಒಂದು ಪುಟ ಶುದ್ಧ ಸುಳ್ಳು ಸೇರಿಸಿದೆ: ಯುರೋಪಿನ ಸೋಮಾಂಡಿಯಾ ಮತ್ತು ಬೆಲ್ಗೂಪಿಯಾ ದೇಶಗಳ ಹನ್ನೊಂದು ವರ್ಷದ ಯುದ್ಧ. ನಮ್ಮ ಕಡೆಯ ಊರುಗಳಾದ ಸೋಮಂದೇಪಲ್ಲಿ, ಬೆಳುಗುಪ್ಪಗಳಿಗೆ ಕೋಟು ಬೂಟು ತೊಡಿಸಿದ್ದೆ, ಅಷ್ಟೆ. ಒಂದು ಸಲ ಗಮನವಿಟ್ಟು ಓದಿದ್ದರೂ ಅವರಿಗೆ ಗೊತ್ತಾಗುತ್ತಿತ್ತು.

ಹಾಲೇಶ್ ಓದದೆಯೇ ಅಚ್ಚಿಗೆ ಕೊಟ್ಟರು. ಅದನ್ನೇ ಹಿಡಿದು, ತಲೆಗೆ ಹಾಕಿಕೊಳ್ಳದೆ, ಪಾಠವನ್ನೂ ಮಾಡಿದರು.

ತಂದೆತಾಯಿಯರ ಸಭೆಗೆ ಮೂರು ವಾರವಿತ್ತು. ನನಗೆ ಬೇಕಾದದ್ದು ಮಕ್ಕಳು, ಹೆತ್ತವರು ತುಂಬಿದ ಹಾಲು, ಹಾಗಾಗಿ ಬಾಯಿ ಬಿಗಿಹಿಡಿದೆ. ಕಂಬದೂರಿನ ಹುಡುಗಿ ಅನಿತಾ ಒಂದು ದಿನ ನನ್ನನ್ನು ವರಾಂಡದಲ್ಲಿ ತಡೆದು, ಬೆಲ್ಗೂಪಿಯಾ ಸೋತದ್ದಕ್ಕೆ ಐದು ಕಾರಣಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು.

"ಕರೆಕ್ಟಾ ಮೇಡಂ?"

"ಚೆನ್ನಾಗಿ ಓದಿದ್ದೀಯ ಕಣಮ್ಮ," ಎಂದೆ.

ಸಭೆಯ ದಿನ ಎದ್ದು ನಿಂತೆ. "ಸಾರ್, ಬೆಲ್ಗೂಪಿಯಾ ಎಲ್ಲೈತೆ ಅಂತ ಮ್ಯಾಪಲ್ಲಿ ಸ್ವಲ್ಪ ತೋರಿಸ್ತೀರಾ?"

ಹಾಲೇಶ್ ಕೋಲು ಹಿಡಿದು ಗೋಡೆಯ ನಕ್ಷೆಯತ್ತ ಹೋದರು. ಕೋಲು ಫ್ರಾನ್ಸಿನಲ್ಲಿ ತಡವರಿಸಿತು, ಇಟಲಿಗೆ ಇಳಿಯಿತು, ಕೊನೆಗೆ ಸಮುದ್ರಕ್ಕೆ ಬಿತ್ತು. "ಇಲ್ಲೇ ಎಲ್ಲೋ ಇತ್ತು ಕಣಮ್ಮ. ಆಮ್ಯಾಕೆ ಹೆಸ್ರು ಬದಲಾಯಿಸ್ಬುಟ್ರು."

"ಬದಲಾಯಿಸಿದ್ದು ನಾನೇ ಸಾರ್. ಕಲ್ಯಾಣದುರ್ಗದ ಬಸ್ ಹತ್ತಿ, ಬೆಳುಗುಪ್ಪ ಪಕ್ಕದಲ್ಲೇ ಸಿಗುತ್ತೆ. ಆ ಯುದ್ಧ ನಾನು ಹುಟ್ಟಿಸಿದ್ದು. ಎರಡು ಪುಸ್ತಕಾನೂ ನಾನೇ ಬರೆದಿದ್ದು."

ಮಗನನ್ನು ಸೇರಿಸಲು ಬಂದಿದ್ದ ಬೆಳುಗುಪ್ಪದ ಕದಿರಣ್ಣ ತೊಡೆ ತಟ್ಟಿದ. "ನಮ್ಮೂರು ಯುರೋಪಿಗೆ ಯಾವಾಗ ಹೋಯ್ತಪ್ಪೋ!"

ಇಡೀ ಹಾಲು ನಕ್ಕಿತು. ಹಾಲೇಶರ ಕಿವಿ ಹಣ್ಣುಮೆಣಸಿನಕಾಯಿಯಾಯಿತು. ನಾನು ಆ ನಗುವನ್ನು ಹನಿಯೂ ಬಿಡದಂತೆ ಕುಡಿದೆ.

ಅನಿತಾ ಮಾತ್ರ ನಗಲಿಲ್ಲ. "ನಾನು ಒಪ್ಪಿಸ್ದಾಗ ನಿಮಗೆ ಗೊತ್ತಿತ್ತಲ್ಲ ಮೇಡಂ?"

ನಾನು ನಕ್ಷೆಯತ್ತ ತಿರುಗಿದೆ.

"ಪರೀಕ್ಷೆಗೆ ಎಂಟೇ ದಿನ ಐತೆ. ಇನ್ನೇನೇನು ಸುಳ್ಳು ಬರ್ದಿದ್ದೀರೋ!"

"ಅದೊಂದೇ ಪುಟ ಕಣಮ್ಮ."

"ಹೆಂಗೆ ನಂಬ್ಲಿ?" ಅವಳು ಹಾಲೇಶರ ಕೈಯಿಂದ ಕೋಲು ಕಿತ್ತುಕೊಂಡಳು. "ಇಬ್ರೂ ಆಚೆ ಹೋಗಿ. ನಾವೇ ಓದ್ಕೊಂತೀವಿ."

ಹುಡುಗರೆಲ್ಲ ಎದ್ದರು. ಹಾಲೇಶ್ ಏನೋ ಗದರಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಕದಿರಣ್ಣ ನಮ್ಮಿಬ್ಬರನ್ನೂ ಹೊಸಿಲು ದಾಟಿಸಿ, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತ.

ಹಾಲೇಶ್ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದರು. "ಏನ್ ಸಿಕ್ತಮ್ಮಾ ನಿಂಗೆ?"

"ನೀವಿಲ್ಲಿ ಕೂತಿದ್ದೀರಲ್ಲ ಸಾರ್, ಅದೇ," ಎಂದೆ.

ಒಳಗೆ ಅನಿತಾ ಆ ಅಧ್ಯಾಯವನ್ನು ಮೊದಲಿನಿಂದ, ಬೇರೆ ಯಾರದೋ ಪುಸ್ತಕದಿಂದ, ಗಟ್ಟಿಯಾಗಿ ಓದಿ ಹೇಳುತ್ತಿದ್ದಳು.